ತಲೆಗೆಷ್ಟು, ರೂಮಿಗೆಷ್ಟು, ರಾತ್ರಿಗೆಷ್ಟು?

ಓದುಗರ ಪ್ರಶ್ನೆಗೆ ಉತ್ತರ: ವಿದೇಶ ಪ್ರವಾಸದ ಖರ್ಚು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಚಿಂತೆಯವು. ಟಿಕೆಟ್ ಆಯಿತು, ಹೋಟೆಲಿಗೂ ದುಡ್ಡು ಕಟ್ಟಿ ಆಯಿತು, ಅಲ್ಲಿಗೆ ಹೋದ ಮೇಲೆ ಇನ್ನೂ ಕೇಳುತ್ತಾರಂತೆ, ಕೈಯಲ್ಲಿ ಎಷ್ಟಿರಬೇಕು? ಬಸವನಗುಡಿಯ ಟ್ರಾವೆಲ್ ಏಜೆನ್ಸಿಯೊಂದರ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತವಳು ನಾನು. ದಿನಾ ಕಿವಿಗೆ ಬೀಳುತ್ತಿದ್ದ ಪ್ರಶ್ನೆಯಿದು.

ಪ್ರಶ್ನೆ: ಮೇಡಂ, ಬೇಸಿಗೆ ರಜೆಗೆ ಇಟಲಿಗೆ ಹೊರಟಿದ್ದೇವೆ. ನಾನು, ನಮ್ಮ ಮನೆಯವರು, ಅತ್ತೆ, 14 ವರ್ಷದ ಮಗಳು, 8 ವರ್ಷದ ಮಗ. ರೋಮ್‌ನಲ್ಲಿ ನಾಲ್ಕು ರಾತ್ರಿಗೆ ತ್ರೀ ಸ್ಟಾರ್ ಹೋಟೆಲು ಬುಕ್ ಮಾಡಿ ಪೂರ್ತಿ ದುಡ್ಡು ಕಟ್ಟಿದ್ದೇವೆ. ಆದರೆ ಬುಕಿಂಗ್ ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಸಿಟಿ ಟ್ಯಾಕ್ಸ್ ಸೇರಿಲ್ಲ’ ಅಂತಿದೆ. ಎಷ್ಟಾಗಬಹುದು? ಒಂದು ದಿನ ವೆನಿಸ್ ನೋಡುವ ಆಸೆಯೂ ಇದೆ.
— ದಾವಣಗೆರೆಯ ಓದುಗರು

ಉತ್ತರ: ಆ ಸಣ್ಣ ಅಕ್ಷರ ಓದಿದ್ದೀರಲ್ಲ, ಅರ್ಧ ಕೆಲಸ ಆದ ಹಾಗೇ. ಸಿಟಿ ಟ್ಯಾಕ್ಸ್ ಅಂದರೆ ಊರಲ್ಲಿ ರಾತ್ರಿ ತಂಗುವ ಪ್ರವಾಸಿಗರಿಗೆ ಅಲ್ಲಿನ ನಗರಸಭೆ ಹಾಕುವ ತೆರಿಗೆ. ಇನ್ನು ನೋಡಬೇಕಾದ್ದು ಒಂದೇ. ತೆರಿಗೆ ಯಾವುದರ ಮೇಲೆ? ತಲೆಗಾ, ರೂಮಿಗಾ, ಇಲ್ಲ ರೂಮಿನ ಬಾಡಿಗೆಯಲ್ಲಿ ಇಷ್ಟು ಪರ್ಸೆಂಟಾ? ದರ ಸಣ್ಣದಾಗೇ ಕಾಣುತ್ತದೆ. ಐದು ಜನರ ಸಂಸಾರಕ್ಕೆ ಗುಣಿಸಿದಾಗಲೇ ಅದರ ಭಾರ ಗೊತ್ತಾಗುವುದು.

ರೋಮ್‌ನಲ್ಲಿ ತಲೆಗೆ, ರಾತ್ರಿಗೆ ಲೆಕ್ಕ. 2023ರ ಅಕ್ಟೋಬರ್‌ನಿಂದ ತ್ರೀ ಸ್ಟಾರ್ ಹೋಟೆಲಿಗೆ 6 ಯೂರೋ, ಫೋರ್ ಸ್ಟಾರ್‌ಗೆ 7.50, ಫೈವ್ ಸ್ಟಾರ್‌ಗೆ 10. ಹತ್ತು ವರ್ಷ ತುಂಬದ ಮಕ್ಕಳಿಗಿಲ್ಲ, ಹಾಗಾಗಿ ನಿಮ್ಮ ಮಗನನ್ನು ಬಿಡಿ. ಉಳಿದ ನಾಲ್ಕು ಜನಕ್ಕೆ ನಾಲ್ಕು ರಾತ್ರಿ ಅಂದರೆ 96 ಯೂರೋ. ಯೂರೋಗೆ 100 ರೂಪಾಯಿ ಅಂತ ಹಿಡಿದರೂ 9,600 ರೂಪಾಯಿ. ಇದನ್ನು ಹೋಟೆಲಿನ ಕೌಂಟರಿನಲ್ಲೇ ಕೊಡಬೇಕು. ಕೆಲವು ಕಡೆ ನಗದು ಕೊಡಿ ಅನ್ನುತ್ತಾರೆ, ಅಷ್ಟು ಯೂರೋ ಒಂದು ಕವರಿನಲ್ಲಿ ಬೇರೆ ಇಟ್ಟುಕೊಳ್ಳಿ. ರಸೀದಿ ಕೇಳಿ ಪಡೆಯಿರಿ.

ಇದೇ ಸಂಸಾರ ಆಮ್‌ಸ್ಟರ್‌ಡ್ಯಾಮ್‌ಗೆ ಹೋದರೆ ಲೆಕ್ಕವೇ ಬೇರೆ. ಅಲ್ಲಿ 2024ರಿಂದ ರೂಮಿನ ಬಾಡಿಗೆಯ ಮೇಲೆ 12.5 ಪರ್ಸೆಂಟ್. ದುಬಾರಿ ರೂಮು ಹಿಡಿದರೆ ತೆರಿಗೆಯೂ ಜಾಸ್ತಿ. ರೋಮ್‌ನಲ್ಲಿ ಹಾಗಲ್ಲ. ಒಂದೇ ಸ್ಟಾರಿನ ಎರಡು ಹೋಟೆಲುಗಳಲ್ಲಿ ಬಾಡಿಗೆ ಎಷ್ಟೇ ಕಡಿಮೆ ಇರಲಿ, ತೆರಿಗೆ ಅಷ್ಟೇ. ಅಗ್ಗದ ರೂಮು ಸಿಕ್ಕಿತು ಅಂತ ಇದರಲ್ಲಿ ಉಳಿತಾಯ ಆಗುವುದಿಲ್ಲ.

ವೆನಿಸ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೆಳಗ್ಗೆ ಬಂದು ಸಂಜೆ ಹೋಗುವವರಿಂದ ಊರು ತುಂಬಿ, ಅಲ್ಲಿಯೇ ಬದುಕುವವರಿಗೆ ಓಡಾಡಲು ಜಾಗವಿಲ್ಲದ ಹಾಗಾಗಿತ್ತು. ಅದಕ್ಕೇ 2024ರ ಏಪ್ರಿಲ್ 25ರಿಂದ ಒಂದು ದಿನದ ಪ್ರವಾಸಿಗರಿಗೆ 5 ಯೂರೋ ಪ್ರವೇಶ ಶುಲ್ಕ ಹಾಕಿದರು. 2025ರಿಂದ ಕೊನೆ ಗಳಿಗೆಯಲ್ಲಿ ಕಟ್ಟುವವರಿಗೆ 10 ಯೂರೋ. ವರ್ಷವಿಡೀ ಇಲ್ಲ. ಏಪ್ರಿಲ್‌ನಿಂದ ಜುಲೈ ತನಕ ಆರಿಸಿದ ಕೆಲವು ದಿನ, ಹೆಚ್ಚಾಗಿ ವಾರದ ಕೊನೆಯಲ್ಲಿ, ಬೆಳಗ್ಗೆ 8.30ರಿಂದ ಸಂಜೆ 4ರ ತನಕ. ನಿಮ್ಮ ಬೇಸಿಗೆ ರಜೆ ಸರಿಯಾಗಿ ಅದೇ ಸಮಯಕ್ಕೆ ಬರುತ್ತದೆ. 14 ತುಂಬದವರಿಗೆ ಶುಲ್ಕ ಇಲ್ಲ. ಮಗಳಿಗೆ 14 ತುಂಬಿದೆ, ಅವಳಿಗೆ ಕಟ್ಟಲೇಬೇಕು. ಮುಂಚೆ ಕಟ್ಟಿದರೆ ನಾಲ್ವರಿಗೆ 20 ಯೂರೋ, ತಡವಾದರೆ 40.

ನನ್ನ ಕೇಳಿದರೆ ಒಂದೇ ದಿನದಲ್ಲಿ ಹೋಗಿ ಬರಬೇಡಿ. ರೋಮ್‌ನಿಂದ ವೇಗದ ರೈಲಿನಲ್ಲೂ ಹೆಚ್ಚುಕಡಿಮೆ ನಾಲ್ಕು ಗಂಟೆ. ಅತ್ತೆಯವರಿಗೆ ಎರಡೂ ಕಡೆಯ ಪ್ರಯಾಣ ಒಂದೇ ದಿನಕ್ಕೆ ಕಷ್ಟ. ಒಂದು ರಾತ್ರಿ ಮೆಸ್ತ್ರೆಯಲ್ಲಿ ಉಳಿಯಿರಿ. ಅದು ನೀರಿನಾಚೆಯ ಊರು, ರೂಮು ವೆನಿಸ್‌ಗಿಂತ ಅಗ್ಗ. ಆದರೂ ವೆನಿಸ್ ನಗರಸಭೆಗೇ ಸೇರಿದ್ದು. ಅಲ್ಲಿ ರಾತ್ರಿ ಉಳಿದವರು ಹೋಟೆಲಿನಲ್ಲಿ ತಂಗುವ ತೆರಿಗೆ ಕೊಡುತ್ತಾರೆ, ಹಾಗಾಗಿ ಪ್ರವೇಶ ಶುಲ್ಕದ ವಿನಾಯಿತಿ ಸಿಗುತ್ತದೆ. ವಿನಾಯಿತಿಗೂ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ ಕ್ಯೂಆರ್ ಕೋಡ್ ಪಡೆದಿರಬೇಕು, ಅದನ್ನು ಮರೆಯಬೇಡಿ.

ಊಟದ ಬಿಲ್ಲಿನಲ್ಲಿ ‘ಕೊಪೆರ್ತೋ’ ಅಂತ ಒಂದು ಸಾಲು ಇದ್ದರೆ ಗಾಬರಿಯಾಗಬೇಡಿ. ಮೇಜಿನ ಮುಂದೆ ಕೂತಿದ್ದಕ್ಕೆ ತಲೆಗೆ ಒಂದೆರಡು ಯೂರೋ. ನೀವು ಏನು ತಿಂದಿರಿ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅತ್ತೆಯವರು ಬರೀ ಹಣ್ಣು ತಿಂದರೂ ಅವರ ತಲೆ ಲೆಕ್ಕಕ್ಕೆ ಬರುತ್ತದೆ. ಮೆನುವಿನ ಕೊನೆಯ ಪುಟದಲ್ಲಿ ಇದನ್ನು ಬರೆದಿರುತ್ತಾರೆ, ಕೂರುವ ಮೊದಲೇ ನೋಡಿ. ಕಾಫಿಗೂ ಹಾಗೇ. ಅಲ್ಲಿ ‘ಬಾರ್’ ಅನ್ನುವ ಕಾಫಿ ಅಂಗಡಿಯ ಕಟ್ಟೆಗೆ ಒರಗಿ ನಿಂತು ಕುಡಿದರೆ ಒಂದು ದರ, ಕುರ್ಚಿಯಲ್ಲಿ ಕೂತರೆ ಇನ್ನೊಂದು. ನೀರಿಗೆ ಮಾತ್ರ ರೋಮ್‌ನಲ್ಲಿ ದುಡ್ಡು ಹಾಕಬೇಡಿ. ಬೀದಿಬೀದಿಯಲ್ಲಿ ಕಬ್ಬಿಣದ ನಲ್ಲಿಗಳಿವೆ, ದಿನವಿಡೀ ತಣ್ಣನೆಯ ಕುಡಿಯುವ ನೀರು ಬರುತ್ತದೆ. ಖಾಲಿ ಬಾಟಲಿ ಜೊತೆಗಿರಲಿ.

ವೀಸಾ ಖರ್ಚನ್ನು ಲೆಕ್ಕಕ್ಕೆ ತಗೊಂಡಿದ್ದೀರಾ? ಇಟಲಿಗೆ ಬೇಕಾದ್ದು ಷೆಂಗೆನ್ ವೀಸಾ, ಯೂರೋಪಿನ ಹಲವು ದೇಶಗಳಿಗೆ ಇದೊಂದೇ ಸಾಕು. 2024ರ ಜೂನ್‌ನಿಂದ ಅದರ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45. ಇಲ್ಲಿ ಮಗಳು ದೊಡ್ಡವರ ಸಾಲಿಗೇ ಸೇರುತ್ತಾಳೆ. ಒಟ್ಟು 405 ಯೂರೋ. ಅರ್ಜಿ ತೆಗೆದುಕೊಳ್ಳುವ ಕೇಂದ್ರದ ಸೇವಾ ಶುಲ್ಕ, ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸಿ ವಿಮೆ, ಇವೆರಡೂ ಬೇರೆ. ವೀಸಾ ಸಿಗದಿದ್ದರೆ ಈ ಶುಲ್ಕ ವಾಪಸ್ ಬರುವುದಿಲ್ಲ.

ಪ್ರಶ್ನೆ: ಅಕ್ಕಾ, ಮದುವೆಯಾದ ಮೇಲೆ ಇಬ್ಬರೂ ಬಾಲಿಗೆ ಹೋಗಬೇಕು ಅಂತಿದ್ದೇವೆ. ವಿಲ್ಲಾದ ದರದ ಪಕ್ಕ ಎರಡು ಪ್ಲಸ್ ಚಿಹ್ನೆ ಹಾಕಿದ್ದಾರೆ. ಏನದು? ಕಾರ್ಡ್ ಒಂದೇ ತಗೊಂಡು ಹೋದರೆ ಸಾಕಾ?
— ಶಿವಮೊಗ್ಗದ ಓದುಗರು

ಉತ್ತರ: ಮದುವೆಗೆ ಶುಭಾಶಯ ತಂಗಿ. ಆ ಎರಡು ಪ್ಲಸ್ ಅಂದರೆ ಒಂದು ಸೇವಾ ಶುಲ್ಕ, ಇನ್ನೊಂದು ತೆರಿಗೆ. ಎರಡೂ 10 ಪರ್ಸೆಂಟ್ ಅಂತ ಇಟ್ಟುಕೋ. ರೂಮು 10 ಲಕ್ಷ ರೂಪಯ್ಯ (ನಮ್ಮ ರೂಪಾಯಿ ಅಲ್ಲ, ಇಂಡೋನೇಷ್ಯಾದ ಹಣ) ಇದ್ದರೆ ಸೇವಾ ಶುಲ್ಕ ಸೇರಿ 11 ಲಕ್ಷ. ತೆರಿಗೆ ಹಾಕುವುದು ಈ 11 ಲಕ್ಷದ ಮೇಲೆ. ಕೊನೆಗೆ 12 ಲಕ್ಷದ 10 ಸಾವಿರ. ಇಪ್ಪತ್ತಲ್ಲ, ಇಪ್ಪತ್ತೊಂದು ಪರ್ಸೆಂಟ್. ರೆಸ್ಟೋರೆಂಟ್ ಮೆನುವಿನಲ್ಲೂ ಈ ಚಿಹ್ನೆ ಇರುತ್ತದೆ. ಎರಡು ವಿಲ್ಲಾ ಹೋಲಿಸುವಾಗ ಒಂದರ ದರದಲ್ಲಿ ಎಲ್ಲಾ ಸೇರಿದ್ದು ಇನ್ನೊಂದರಲ್ಲಿ ಪ್ಲಸ್ ಇದ್ದರೆ, ಕಡಿಮೆ ಅನ್ನಿಸಿದ್ದೇ ದುಬಾರಿ ಆಗಿಬಿಡಬಹುದು.

ಇದಲ್ಲದೆ 2024ರ ಫೆಬ್ರವರಿ 14ರಿಂದ ಹೊರದೇಶದ ಪ್ರತಿಯೊಬ್ಬರೂ ಬಾಲಿಗೆ 1,50,000 ರೂಪಯ್ಯ ಕಟ್ಟಬೇಕು, ನಮ್ಮ ಸುಮಾರು 800 ರೂಪಾಯಿ. ಒಂದು ಭೇಟಿಗೆ ಒಂದೇ ಸಲ. ‘ಲವ್ ಬಾಲಿ’ ಅನ್ನುವ ಸರ್ಕಾರದ ಜಾಲತಾಣದಲ್ಲಿ ಇಲ್ಲಿಂದಲೇ ಕಟ್ಟಿ ಬಿಡು. ಇದು ವೀಸಾ ಅಲ್ಲ. ವೀಸಾಗೆ ಪ್ರತ್ಯೇಕವಾಗಿ ತಲೆಗೆ 5 ಲಕ್ಷ ರೂಪಯ್ಯ.

ಕಾರ್ಡ್ ವಿಷಯಕ್ಕೆ ಬರೋಣ. ಬಹಳಷ್ಟು ಕ್ರೆಡಿಟ್ ಕಾರ್ಡುಗಳು ವಿದೇಶದ ಖರ್ಚಿನ ಮೇಲೆ 3.5 ಪರ್ಸೆಂಟ್ ಶುಲ್ಕ ಹಾಕುತ್ತವೆ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಲಕ್ಷ ರೂಪಾಯಿ ಉಜ್ಜಿದರೆ 4,130 ರೂಪಾಯಿ ಇದಕ್ಕೇ. ಈ ಶುಲ್ಕ ಇಲ್ಲದ ಅಥವಾ ಕಡಿಮೆ ಇರುವ ಕಾರ್ಡುಗಳೂ ಇವೆ, ಹೊರಡುವ ಮೊದಲು ಬ್ಯಾಂಕಿನಲ್ಲಿ ವಿಚಾರಿಸು. ಇನ್ನೊಂದು ಮುಖ್ಯ. ಅಲ್ಲಿ ಮಷೀನಿಗೆ ಕಾರ್ಡ್ ಹಾಕಿದಾಗ ಪರದೆಯ ಮೇಲೆ ಎರಡು ಆಯ್ಕೆ ಬರುತ್ತದೆ, ಭಾರತದ ರೂಪಾಯಿಯಲ್ಲಿ ಕೊಡುತ್ತೀರಾ, ಅಲ್ಲಿನ ಹಣದಲ್ಲಾ ಅಂತ. ನಮ್ಮ ರೂಪಾಯಿ ಕಂಡ ತಕ್ಷಣ ಅದನ್ನೇ ಒತ್ತಬೇಕು ಅನ್ನಿಸುತ್ತದೆ. ಒತ್ತಬೇಡ. ಆ ದರವನ್ನು ಮಷೀನಿನವರು ಹಾಕಿರುತ್ತಾರೆ, ಅದರಲ್ಲಿ ಅವರ ಲಾಭ ಸೇರಿರುತ್ತದೆ. ಯಾವ ದೇಶದಲ್ಲೇ ಇರು, ಅಲ್ಲಿನ ಹಣವನ್ನೇ ಆರಿಸು. ಅಂಗಡಿಯವನು ತಾನೇ ಒತ್ತಲು ಹೋದರೆ ತಡೆದು ನೋಡು.

ಪ್ರಶ್ನೆ: ದುಬೈನಲ್ಲಿ ಮಗನ ಮನೆಯಲ್ಲಿ ಇರುತ್ತೇವೆ. ನಮಗೂ ಟೂರಿಸಂ ದಿರ್ಹಂ ಕಟ್ಟಬೇಕಾ?
— ಮಂಗಳೂರಿನ ಓದುಗರು

ಉತ್ತರ: ಬೇಡ. ಅದು ಹೋಟೆಲಿನಲ್ಲಿ ಉಳಿದವರಿಗೆ. ರೂಮಿಗೆ, ರಾತ್ರಿಗೆ 7ರಿಂದ 20 ದಿರ್ಹಂ ಇರುತ್ತದೆ. ತಲೆಲೆಕ್ಕ ಇಲ್ಲದ್ದರಿಂದ ನೆಂಟರು ಒಂದೇ ರೂಮಿನಲ್ಲಿ ಹೊಂದಿಕೊಂಡರೆ ಒಂದೇ ಸಲ. ಹೋಟೆಲಿನಲ್ಲಿ ಉಳಿಯುವ ನೆಂಟರಿಗೆ ಹೇಳಿ, ಡೆಪಾಸಿಟ್ ಅಂತ ಕಾರ್ಡಿನಲ್ಲಿ ಸ್ವಲ್ಪ ಹಣ ತಡೆಹಿಡಿಯುತ್ತಾರೆ. ಅದು ಖರ್ಚಲ್ಲ. ಆದರೆ ಬಿಡುಗಡೆಯಾಗುವ ತನಕ ಬಳಸಲು ಸಿಗುವುದಿಲ್ಲ.

ಪ್ರಶ್ನೆ: ಪ್ಯಾಕೇಜ್ ದರ ಒಂದು ಹೇಳಿ, ಬಿಲ್ಲಿನಲ್ಲಿ ಜಿಎಸ್‌ಟಿ, ಟಿಸಿಎಸ್ ಅಂತ ಸೇರಿಸಿ ಜಾಸ್ತಿ ತಗೊಂಡರು. ಇದು ಮೋಸ ಅಲ್ವಾ?
— ತುಮಕೂರಿನ ಓದುಗರು

ಉತ್ತರ: ಎರಡೂ ಸರ್ಕಾರದ ತೆರಿಗೆಗಳೇ. ಆದರೆ ಮೊದಲೇ ಹೇಳದೆ ಕೊನೆಗೆ ಬಿಲ್ಲು ಉದ್ದ ಮಾಡುವುದು ನನಗೂ ಸಿಟ್ಟು ತರಿಸುತ್ತದೆ. ಸಾಲ ಮಾಡಿ, ಚೀಟಿ ಎತ್ತಿ ಪ್ರವಾಸ ಹೋಗುವವರಿದ್ದಾರೆ. ಅವರಿಗೆ ಮೊದಲ ದಿನವೇ ಪೂರ್ತಿ ಮೊತ್ತ ಹೇಳಬೇಕು, ಬರೆದೂ ಕೊಡಬೇಕು.

ಜಿಎಸ್‌ಟಿ ಹೋದದ್ದು ಹೋಯಿತು. ಟಿಸಿಎಸ್ ಹಾಗಲ್ಲ. ಅದು ನಿಮ್ಮ ಆದಾಯ ತೆರಿಗೆಯ ಮುಂಗಡ. ಬಿಲ್ಲಿನಲ್ಲಿ ಯಾರ ಪ್ಯಾನ್ ಇದೆ ನೋಡಿ, ಆದಾಯ ತೆರಿಗೆ ಇಲಾಖೆಯಲ್ಲಿ ಅವರ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿಯಲ್ಲಿ (26ಎಎಸ್) ಆ ಮೊತ್ತ ಬಂದಿರಬೇಕು. ಬಂದಿಲ್ಲ ಅಂದರೆ ಏಜೆಂಟರನ್ನು ಬಿಡಬೇಡಿ. ರಿಟರ್ನ್ ಹಾಕುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಬಹುದು, ತೆರಿಗೆಯೇ ಇಲ್ಲದಿದ್ದರೆ ರೀಫಂಡ್ ಬರುತ್ತದೆ. ಹಿರಿಯರು ಎಷ್ಟೋ ಜನ ‘ನಮಗೆ ವರಮಾನ ಇಲ್ಲ’ ಅಂತ ರಿಟರ್ನ್ ಹಾಕದೆ ಈ ದುಡ್ಡು ಬಿಟ್ಟುಬಿಡುತ್ತಾರೆ. ಬಿಡಬೇಡಿ, ಅದು ನಿಮ್ಮದೇ ದುಡ್ಡು. ಆದರೆ ಕೈಗೆ ಬರುವುದು ತಿಂಗಳುಗಳ ನಂತರ. ಪ್ರವಾಸಕ್ಕೆ ಹೊರಡುವಾಗ ಅದನ್ನೂ ಹೊಂದಿಸಿಕೊಂಡಿರಬೇಕು.

ಪ್ರಶ್ನೆ: ಭೂತಾನ್‌ಗೆ ಆರು ರಾತ್ರಿ ಹೋಗುತ್ತೇವೆ, ನಾವಿಬ್ಬರು ಮತ್ತು ಮಗ, ಸೊಸೆ, 5 ವರ್ಷದ ಮೊಮ್ಮಗ. ತಲೆಗೆ ದಿನಕ್ಕೆ 1,200 ರೂಪಾಯಿ ಪ್ರವಾಸಿ ಶುಲ್ಕ ಕೇಳುತ್ತಾರಂತೆ. ನೆರೆಯ ದೇಶದವರಿಂದಲೂ ಹೀಗೆ ವಸೂಲಿ ಮಾಡುವುದು ಸರಿಯಾ?
— ಹುಬ್ಬಳ್ಳಿಯ ಓದುಗರು

ಉತ್ತರ: ಸರಿ ಅಂತಲೇ ನನ್ನ ಅಭಿಪ್ರಾಯ. ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ಟಿಕೆಟ್ ನಮಗೆ 40 ರೂಪಾಯಿ, ಹೊರದೇಶದವರಿಗೆ 600. ನೆರೆಯ ಭೂತಾನಿನವರಿಗೆ ನಾವು ನಮ್ಮ ದರವನ್ನೇ ಹಾಕುತ್ತೇವೆ. ಅವರೂ ನಮಗೆ ರಿಯಾಯಿತಿ ಕೊಟ್ಟಿದ್ದಾರೆ. ಬೇರೆ ದೇಶದವರು ಒಂದು ರಾತ್ರಿಗೆ 100 ಡಾಲರ್ ಕಟ್ಟುತ್ತಾರೆ, ನಮಗೆ 1,200 ರೂಪಾಯಿ. ನೆಲದ ಶೇಕಡಾ 60 ಭಾಗ ಯಾವತ್ತೂ ಕಾಡಾಗಿಯೇ ಇರಬೇಕು ಅಂತ ಸಂವಿಧಾನದಲ್ಲೇ ಬರೆದುಕೊಂಡ ದೇಶ ಅದು. ಜನರಿಗೆ ಆಸ್ಪತ್ರೆ, ಶಾಲೆ ಉಚಿತವಾಗಿ ಕೊಡುವುದಕ್ಕೂ ಈ ಹಣ ಹೋಗುತ್ತದೆ. ವಾರಾಂತ್ಯದಲ್ಲಿ ನಮ್ಮ ಮುಳ್ಳಯ್ಯನಗಿರಿ ದಾರಿಯ ವಾಹನಗಳ ಸಾಲು ನೋಡಿದವರಿಗೆ, ಬರುವವರ ಸಂಖ್ಯೆಗೆ ಒಂದು ಮಿತಿ ಯಾಕೆ ಬೇಕು ಅಂತ ನಾನು ಹೇಳಬೇಕಿಲ್ಲ.

ನಿಮ್ಮ ಲೆಕ್ಕ ಹೀಗಿದೆ. ನಾಲ್ಕು ಜನ, ಆರು ರಾತ್ರಿ, 28,800 ರೂಪಾಯಿ. ಮೊಮ್ಮಗನಿಗೆ ಇಲ್ಲ. 6ರಿಂದ 12 ವರ್ಷದವರಿಗೆ ಅರ್ಧ, ಹಾಗಾಗಿ ಹೊರಡುವ ಹೊತ್ತಿಗೆ ಅವನಿಗೆ 6 ತುಂಬುತ್ತದೆಯಾ ನೋಡಿಕೊಳ್ಳಿ. ಪ್ಯಾಕೇಜಿನವರು ‘ಎಲ್ಲಾ ಸೇರಿ’ ಅಂದರೆ ಈ ಮೊತ್ತವೂ ಸೇರಿದೆಯಾ ಅಂತ ಕೇಳಿ, ಹೌದು ಅಂದರೆ ಬರೆಸಿಕೊಳ್ಳಿ. ತಕ್ತ್ಸಾಂಗ್ ಮಠದಂಥ ಕಡೆ ಟಿಕೆಟ್ ಬೇರೆ. ದೊಡ್ಡವರಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ವೋಟರ್ ಐಡಿ ಸಾಕು, ಆಧಾರ್ ನಡೆಯುವುದಿಲ್ಲ. ಮೊಮ್ಮಗನಿಗೆ ಪಾಸ್‌ಪೋರ್ಟ್ ಮಾಡಿಸಿಲ್ಲ ಅಂದರೆ ಜನನ ಪ್ರಮಾಣಪತ್ರ ತಗೊಂಡು ಹೋಗಿ.