ರಿಪೋರ್ಟ್ ನಾರ್ಮಲ್, ಎದೆನೋವು ಹಾಗೆಯೇ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ ಅವರು. ವಯಸ್ಸು 44. ಜೊತೆಗೆ ಒಂದಿಷ್ಟು ಕಬ್ಬಿನ ಬೇಸಾಯ. ಬಟ್ಟೆ ಅಂಗಡಿಯ ದೊಡ್ಡ ಚೀಲದ ತುಂಬ ರಿಪೋರ್ಟುಗಳನ್ನು ಹೊತ್ತು ಹೆಂಡತಿಯೊಂದಿಗೆ ಬಂದಿದ್ದರು: ಇಸಿಜಿ, ಎಕೋ, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ), ಥೈರಾಯ್ಡ್, ಎಂಡೋಸ್ಕೋಪಿ. ಮಂಡ್ಯದಲ್ಲೂ ಮೈಸೂರಿನಲ್ಲೂ ವೈದ್ಯರು ನೋಡಿ, ಏನೂ ಇಲ್ಲ, ಟೆನ್ಷನ್ ಬಿಡಿ ಎಂದಿದ್ದರು. ಟೆನ್ಷನ್ ಬಿಡುವುದು ಹೇಗೆಂದು ಯಾರೂ ಹೇಳಿರಲಿಲ್ಲ. ಕೊನೆಯವರು ಚೀಟಿ ಬರೆದು, ಮನಸ್ಸಿನ ತೊಂದರೆಗಳಿಗೆ ಸಲಹೆ ಕೊಡುವ ನನ್ನ ಬಳಿಗೆ ಕಳಿಸಿದ್ದರು. ಹಾಗೆ ಬರುವವರು ಸಿಟ್ಟು ಹೊತ್ತೇ ಬರುತ್ತಾರೆ.

"ನನಗೆ ಹುಚ್ಚು ಎಂದುಕೊಂಡಿದ್ದಾರಾ ಮೇಡಂ? ನೋವು ಇರುವುದು ಎದೆಯಲ್ಲಿ."

ನೋವು ನಿಜವೇ ಎಂದು ನಾನು ಮೊದಲು ಹೇಳಿದೆ. ಭಯವಾದಾಗ ಅಡ್ರಿನಲಿನ್ ಹರಿದು ಎದೆ ಹೊಡೆದುಕೊಳ್ಳುತ್ತದೆ, ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಬಿಗಿಯುತ್ತವೆ. ಏದುಸಿರು ಬಿಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ಸುತ್ತುತ್ತದೆ. ಇದು ಯಾವುದೂ ಕಲ್ಪನೆಯಲ್ಲ. ಇಸಿಜಿಯಲ್ಲಿ ಕಾಣುವ ಕಾಯಿಲೆಯೂ ಅಲ್ಲ.

ಮೊದಲ ಭಯ ಹುಟ್ಟಿದ್ದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯಸ್ತಂಭನದಿಂದ ತೀರಿಕೊಂಡ 2021ರ ಅಕ್ಟೋಬರ್‌ನಲ್ಲಿ. ಹೃದ್ರೋಗ ಆಸ್ಪತ್ರೆಗಳಿಗೆ ತಪಾಸಣೆಗೆಂದು ಮುಗಿಬಿದ್ದ ಜನರಲ್ಲಿ ಇವರೂ ಒಬ್ಬರು. ಎಲ್ಲ ಸರಿಯಿದೆ ಎಂದ ಮೇಲೆ ಮರೆತಿದ್ದರು. ಈಚೆಗೆ ಅವರ ಭಾವ ಆಲೆಮನೆಯಲ್ಲಿ ಕೊಪ್ಪರಿಗೆಯ ಪಕ್ಕದಲ್ಲೇ ಕುಸಿದು ಪ್ರಾಣ ಬಿಟ್ಟರು. ಹನ್ನೊಂದನೆಯ ದಿನದ ತಿಥಿ ಮುಗಿಸಿ ಮನೆಗೆ ಬಂದ ರಾತ್ರಿ ಇವರ ಎಡ ಎದೆ ಹಿಡಿದುಕೊಂಡಿತು.

ಇದನ್ನು ಹೇಳುವಾಗಲೂ ಅವರ ಹೆಬ್ಬೆರಳು ಎದೆಯ ಒಂದೇ ಜಾಗವನ್ನು ಒತ್ತಿ ಒತ್ತಿ ನೋಡುತ್ತಿತ್ತು. ನಡುವೆ ಜೇಬಿನಿಂದ ಕೋವಿಡ್ ಕಾಲದ ಆಕ್ಸಿಮೀಟರ್ ತೆಗೆದು ಬೆರಳಿಗೆ ಸಿಕ್ಕಿಸಿಕೊಂಡರು. ಆಮ್ಲಜನಕ 98, ನಾಡಿ 104. "ನೋಡಿದಿರಾ, 104!" ಎಂದರು, 98ರ ಸುದ್ದಿ ಎತ್ತಲಿಲ್ಲ. ಬಲ ಎದೆಯಲ್ಲಿ ಅದೇ ಜಾಗವನ್ನು ಅಷ್ಟೇ ಜೋರಾಗಿ ಒತ್ತುತ್ತಿರಿ ಎಂದೆ. ಮಾತು ಮುಗಿಯುವ ಹೊತ್ತಿಗೆ ಅಲ್ಲೂ ನೋವು ಶುರುವಾಗಿತ್ತು. ಅವರು ಮೊದಲ ಬಾರಿಗೆ ನಕ್ಕರು.

ಸಂಘದಲ್ಲಿ ಒಂದು ಕ್ಯಾನಿನ ಹಾಲನ್ನು ಎಷ್ಟು ಸಲ ಪರೀಕ್ಷಿಸುತ್ತೀರಿ ಎಂದು ಕೇಳಿದೆ. ಒಂದೇ ಸಲ ಎಂದರು. ಹತ್ತು ಸಲ ಅದ್ದಿ ನೋಡಿದರೆ? "ಹಾಲು ಕೊಟ್ಟವನಿಗೇ ಅನುಮಾನ ಬರುತ್ತದೆ ಮೇಡಂ." ಆ ಮಾತನ್ನು ನಾನು ಮುಂದಿನ ಭೇಟಿಗಳಲ್ಲೂ ಬಳಸಿಕೊಂಡೆ.

ಕಾಯಿಲೆ ಪತ್ತೆಯಾಗದಿದ್ದರೆ ಅದು ಮನಸ್ಸಿನದು ಎಂಬ ಹಳೆಯ ಲೆಕ್ಕವನ್ನು ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 2013ರಲ್ಲೇ ಕೈಬಿಟ್ಟಿದೆ. ಲಕ್ಷಣದ ಸುತ್ತ ಎಷ್ಟು ಭಯ, ಎಷ್ಟು ಯೋಚನೆ, ಎಷ್ಟು ಸಮಯ ಹೋಗುತ್ತಿದೆ ಎಂಬುದು ಈಗಿನ ಪ್ರಶ್ನೆ. ಹೃದ್ರೋಗ ಇರುವವರಿಗೂ ಈ ತೊಂದರೆ ಬರಬಹುದು. ಇವರ ದಿನದಲ್ಲಂತೂ ಹಾಲು ಅಳೆಯುವ ಹೊತ್ತು ಬಿಟ್ಟರೆ ಉಳಿದದ್ದೆಲ್ಲ ಎದೆಯ ಪಾಲಾಗಿತ್ತು.

ಕೊಟ್ಟ ಸಲಹೆ ಹೀಗಿತ್ತು. ವೈದ್ಯರು ಒಬ್ಬರೇ ಇರಲಿ; ನೋವಿದ್ದರೂ ಇಲ್ಲದಿದ್ದರೂ ತಿಂಗಳಿಗೊಮ್ಮೆ ಅವರನ್ನೇ ನೋಡಬೇಕು. ಅವರು ಹೇಳದೆ ಹೊಸ ಪರೀಕ್ಷೆ ಬೇಡ. ಆಕ್ಸಿಮೀಟರ್ ಹೆಂಡತಿಯ ವಶಕ್ಕೆ. ಒತ್ತಿ ನೋಡಬೇಕೆನಿಸಿದಾಗ ಹತ್ತು ನಿಮಿಷ ತಡೆಯುವುದು, ಆಮೇಲೆ ಅರ್ಧ ಗಂಟೆ. ಟಿಎಂಟಿ ಸರಿಯಿದೆ, ವೈದ್ಯರೂ ಒಪ್ಪಿದ್ದರು. ಆದ್ದರಿಂದ ಬೆಳಿಗ್ಗೆಯ ಹಾಲು ಮುಗಿದ ಮೇಲೆ ನಾಲೆ ಏರಿಯ ಮೇಲೆ ನಡಿಗೆ. ಅವರು ಕ್ಯಾನ್ ಎತ್ತುವುದನ್ನೇ ಬಿಟ್ಟಿದ್ದರು, ಅದನ್ನೂ ನಿಧಾನವಾಗಿ ಶುರು ಮಾಡಿದರು. ಆದರೆ ನಡೆದಾಗ ಹೆಚ್ಚುವ, ಕೈಗೋ ದವಡೆಗೋ ಹರಡುವ, ಬೆವರು ಅಥವಾ ಉಸಿರುಕಟ್ಟುವಿಕೆ ಕೂಡಿದ ಹೊಸ ನೋವು ಬಂದರೆ ನನ್ನ ಸಲಹೆಯನ್ನೆಲ್ಲ ಬದಿಗಿಟ್ಟು 108ಕ್ಕೆ ಕರೆ ಮಾಡಬೇಕು. ಇದನ್ನು ಬರೆದೇ ಕೊಟ್ಟೆ.

ಕಷ್ಟವಾದದ್ದು ಹೆಂಡತಿಗೆ. ನಡುರಾತ್ರಿ ಎಬ್ಬಿಸಿ "ನನಗೇನೂ ಆಗುವುದಿಲ್ಲ ಅಲ್ಲವೇ?" ಎಂದು ಕೇಳಿದಾಗಲೆಲ್ಲ "ಏನೂ ಆಗುವುದಿಲ್ಲ, ಮಲಗಿ" ಎನ್ನುತ್ತಿದ್ದರು. ಆ ಧೈರ್ಯ ಅರ್ಧ ಗಂಟೆ ಬಾಳುತ್ತಿತ್ತು, ಪ್ರಶ್ನೆ ಮರಳಿ ಬರುತ್ತಿತ್ತು. ಉತ್ತರ ಕೊಡದೆ "ಭಯವಾಗಿದೆ ಅಲ್ಲವಾ, ನಾನು ಇಲ್ಲೇ ಇದ್ದೇನೆ" ಎಂದಷ್ಟೇ ಹೇಳಿ ಎಂದೆ. "ಕಲ್ಲು ಮನಸ್ಸು ಮಾಡಬೇಕಲ್ಲ ಮೇಡಂ" ಎಂದು ಅವರು ಕಣ್ಣೊರೆಸಿಕೊಂಡರು. ಮೊದಲ ವಾರಗಳಲ್ಲಿ ಜಗಳವಾಗಿ, ಇವರು ಆಕ್ಸಿಮೀಟರ್ ಹುಡುಕಲು ಬೀರು ಜಾಲಾಡಿದ್ದೂ ಉಂಟು.

ಅಕ್ಕನ ಮನೆಯ ಸಾಲ, ಅಕ್ಕನ ಮಗಳ ಓದು ಎಲ್ಲ ಇವರ ಹೆಗಲಿಗೆ ಬಿದ್ದದ್ದು ತಡವಾಗಿ ಹೊರಬಂತು. "ನಾನೂ ಹೋದರೆ ಎರಡು ಮನೆ ಬೀಳುತ್ತವೆ" ಎಂದರು. ಭಾವನಿಗಾಗಿ ಅವರು ಅಲ್ಲಿಯವರೆಗೆ ಅತ್ತಿರಲಿಲ್ಲ. ಎದೆಯ ಮಾತು ಬಿಟ್ಟು ಭಾವನ ಮಾತಿಗೆ ನಾವು ಬಹಳ ಹೊತ್ತು ಕೊಟ್ಟೆವು.

ನಿದ್ದೆ ಪೂರ್ತಿ ಕೆಟ್ಟಿದ್ದರಿಂದ ಮನೋವೈದ್ಯರ ಬಳಿಗೂ ಕಳಿಸಿದೆ. ಅವರು ಬರೆದದ್ದು ಆತಂಕ ತಗ್ಗಿಸುವ, ಚಟ ಹಿಡಿಸದ ಮಾತ್ರೆ. ಪರಿಣಾಮ ಕಾಣಲು ಕೆಲವು ವಾರ ಬೇಕು. ತಾನಾಗಿ ನಿಲ್ಲಿಸಬಾರದೆಂದು ಒಪ್ಪಿಸಲು ನನಗೆ ಸಾಕುಸಾಕಾಯಿತು. ದೂರದಿಂದ ಬರಲಾಗದವರು ಸರ್ಕಾರದ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಈಗ ಎದೆ ಆಗಾಗ ಹಿಡಿಯುತ್ತದೆ, ಆದರೆ ಅವರು ಕೆಲಸ ಬಿಟ್ಟು ಮೈಸೂರಿಗೆ ಓಡುವುದಿಲ್ಲ. ಭಾವನ ವರ್ಷದ ತಿಥಿ ಮುಂದಿನ ತಿಂಗಳಿದೆ. ಆ ವಾರ ನೋವು ಮರುಕಳಿಸಬಹುದೆಂದು ಈಗಲೇ ಹೇಳಿಟ್ಟಿದ್ದೇನೆ. ವೈದ್ಯರ ಭೇಟಿಯನ್ನು ಅದರ ಹಿಂದಿನ ಸೋಮವಾರಕ್ಕೆ ಇಟ್ಟುಕೊಂಡಿದ್ದೇವೆ.