ಮೋಟರ್‌ಹೋಮ್ ಬದುಕಿನಿಂದ ಸ್ಥಿರ ನೆಲೆಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಿವೃತ್ತಿಯಾದ ಮೇಲೆ ಮನೆ ಮಾರಿ, ಹಲವು ವರ್ಷಗಳಿಂದ ನಾವಿಬ್ಬರೂ ಮೋಟರ್‌ಹೋಮ್‌ನಲ್ಲಿಯೇ, ಅಂದರೆ ಹಾಸಿಗೆ, ಅಡುಗೆ, ಶೌಚದ ವ್ಯವಸ್ಥೆಯಿರುವ ವಾಹನದಲ್ಲಿಯೇ, ವಾಸಿಸುತ್ತಾ ಊರೂರು ಸುತ್ತಿದ್ದೇವೆ. ಈಚೆಗೆ ನನ್ನ ಪತಿಗೆ ದೂರದ ಚಾಲನೆ ಆಯಾಸ ತರುತ್ತಿದೆ. ಸುತ್ತಾಟ ಸಾಕು ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿದೆ. ಎಲ್ಲಿ ನೆಲೆಸಬೇಕು ಎಂಬುದರಲ್ಲಿ ಇಲ್ಲ. ಸದ್ಯಕ್ಕೆ ಇಂಥ ವಾಹನಗಳು ತಂಗುವ ಒಂದು ಕ್ಯಾಂಪ್‌ಗ್ರೌಂಡಿನಲ್ಲಿ ಕೆಲವು ತಿಂಗಳ ಮಟ್ಟಿಗೆ ಜಾಗ ಹಿಡಿದು ನಿಧಾನವಾಗಿ ಯೋಚಿಸುವುದೆಂದು ತೀರ್ಮಾನಿಸಿದ್ದೇವೆ. ಈ ಅವಧಿಯನ್ನು ಹೇಗೆ ಬಳಸಿಕೊಳ್ಳಬೇಕು? ವಾಹನವನ್ನು ಈಗಲೇ ಮಾರಿ, ಆ ಹಣ ಸೇರಿಸಿ ಮನೆ ಕೊಳ್ಳುವುದು ಒಳ್ಳೆಯದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ: ಬೇಡ. ವಾಹನದ ಬೆಲೆ ದಿನ ಕಳೆದಂತೆ ಇಳಿಯುತ್ತದೆ ಎಂಬ ಆತಂಕ ಸಹಜವೇ. ಆದರೆ ಅವಸರದಲ್ಲಿ ಕೊಂಡ ಮನೆ ಒಗ್ಗದೆ ಅದನ್ನು ಮತ್ತೆ ಮಾರಬೇಕಾಗಿ ಬಂದರೆ, ನೋಂದಣಿ, ದಲ್ಲಾಳಿ ಶುಲ್ಕ, ಸಾಗಣೆ ಎಂದು ಆಗುವ ನಷ್ಟದ ಮುಂದೆ ಕೆಲವು ತಿಂಗಳ ಇಳಿಕೆ ಸಾಮಾನ್ಯವಾಗಿ ಚಿಕ್ಕದೇ. ಮೋಟರ್‌ಹೋಮ್ ಕೈಯಲ್ಲಿರುವ ತನಕ ನಿಮಗೆ ತಲೆಯ ಮೇಲೊಂದು ಸೂರಿರುತ್ತದೆ, ಆದ್ದರಿಂದ ಯಾವ ಮನೆಗೂ ಬೇಡವೆನ್ನುವ ಸ್ವಾತಂತ್ರ್ಯವೂ ಇರುತ್ತದೆ. ಆರಿಸಿದ ಊರಿನಲ್ಲಿ ಮೊದಲು ಬಾಡಿಗೆಗಿದ್ದು, ಅಲ್ಲಿ ಮನಸ್ಸು ಊರಿದ ಮೇಲೆ ವಾಹನ ಮಾರುವುದು ಸುರಕ್ಷಿತ ಕ್ರಮ.

ಇನ್ನು ಈ ತಂಗುವಿಕೆಯ ವಿಷಯ. ಮೊದಲ ಕೆಲವು ವಾರ ಏನನ್ನೂ ನಿರ್ಧರಿಸಬೇಡಿ; ಆಗ ಆಗುವ ನೆಮ್ಮದಿ ಬಹುಪಾಲು ದಣಿವು ಇಳಿದ ನೆಮ್ಮದಿ. ಅದಾದ ಬಳಿಕ ಚಡಪಡಿಕೆ ಶುರುವಾಗುತ್ತದೆ, ಮತ್ತು ನಿಮಗೆ ಬೇಕಾದ ಮಾಹಿತಿ ಇರುವುದು ಅದರಲ್ಲಿಯೇ. ಸುತ್ತಾಟದ ಬದುಕಿನಲ್ಲಿ ದಿನ ತಾನಾಗಿಯೇ ತುಂಬಿಕೊಳ್ಳುತ್ತದೆ: ಮುಂದಿನ ತಂಗುದಾಣ ಹುಡುಕಬೇಕು, ನೀರು ತುಂಬಿಸಬೇಕು, ಇಂಧನ ಹಾಕಿಸಬೇಕು, ವಾಹನವನ್ನು ಸಮತಟ್ಟಾಗಿ ನಿಲ್ಲಿಸಬೇಕು. ಒಂದೇ ಕಡೆ ನಿಂತಾಗ ಇವೆಲ್ಲ ಉದುರಿಹೋಗಿ, ಉಳಿಯುವ ಖಾಲಿ ಹೊತ್ತು ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ಆ ಹೊತ್ತನ್ನು ಮನೆಯೊಂದೇ ತುಂಬಲಾರದು. ಆದ್ದರಿಂದ ಎಲ್ಲಿ ಎಂಬುದಕ್ಕಿಂತ ಮೊದಲು, ವಿಶೇಷವೇನೂ ಇಲ್ಲದ ಒಂದು ಮಂಗಳವಾರ ಬೆಳಗಿನಿಂದ ರಾತ್ರಿಯವರೆಗೆ ಹೇಗೆ ಸಾಗಬೇಕು ಎಂಬುದನ್ನು ಇಬ್ಬರೂ ಬೇರೆ ಬೇರೆಯಾಗಿ ಬರೆಯಿರಿ. ವಾಹನದಲ್ಲಿ ನಿಮಗೆ ಸಿಗದೆ ಹೋದದ್ದನ್ನೂ, ಬಿಟ್ಟುಕೊಡಲು ಮನಸ್ಸಿಲ್ಲದ್ದನ್ನೂ ಪಟ್ಟಿ ಮಾಡಿ, ಕೆಲವು ದಿನ ಒಬ್ಬರದನ್ನು ಇನ್ನೊಬ್ಬರು ನೋಡದೆ ಇಡಿ.

ಊರಿನ ಬಗೆಗಿನ ಭಿನ್ನಾಭಿಪ್ರಾಯ ಅನೇಕ ಸಲ ಊರಿನದಾಗಿರುವುದಿಲ್ಲ ಎಂಬುದು ನಮ್ಮ ಅನಿಸಿಕೆ. ಮೋಟರ್‌ಹೋಮ್‌ನಲ್ಲಿ ಇಬ್ಬರ ನಡುವೆ ಮುಚ್ಚಿಕೊಳ್ಳಲು ಸರಿಯಾದ ಬಾಗಿಲು ಇರುವುದು ಅಪರೂಪ. ಒಬ್ಬರು ಫೋನಿನಲ್ಲಿ ಮಾತನಾಡಿದರೆ ಇನ್ನೊಬ್ಬರು ಕೇಳಲೇಬೇಕು, ಒಬ್ಬರು ಎದ್ದರೆ ಇನ್ನೊಬ್ಬರಿಗೆ ಎಚ್ಚರವಾಗುತ್ತದೆ. ಊರು ಬೇಕು ಎನ್ನುತ್ತಿರುವವರಿಗೆ ನಿಜವಾಗಿ ಬೇಕಾಗಿರುವುದು ಬಾಗಿಲಿರುವ ಒಂದು ಕೋಣೆಯೋ, ಪ್ರತಿ ಸಲವೂ ಅದೇ ವೈದ್ಯರೋ, ಹೆಸರು ಹಿಡಿದು ಕರೆಯುವ ನೆರೆಯವರೋ ಇರಬಹುದು. ಪಟ್ಟಿಗಳನ್ನು ಅದಲುಬದಲು ಮಾಡಿಕೊಂಡಾಗ ಇದು ಹೊರಬೀಳುತ್ತದೆ.

ಊರುಗಳನ್ನು ಪರೀಕ್ಷಿಸುವುದಕ್ಕೆ ನಿಮ್ಮ ವಾಹನಕ್ಕಿಂತ ಒಳ್ಳೆಯ ಸಾಧನವಿಲ್ಲ. ಮನಸ್ಸಿನಲ್ಲಿರುವ ಊರಿಗೆ, ಅಲ್ಲಿಯ ಹವೆ ಅತ್ಯಂತ ಅಸಹನೀಯವಾಗಿರುವ ಋತುವಿನಲ್ಲಿ ಹೋಗಿ ತಂಗಿ. ನೋಡುವ ಜಾಗಗಳನ್ನು ನೋಡದೆ ಆಸ್ಪತ್ರೆ, ಬ್ಯಾಂಕು, ಗ್ರಂಥಾಲಯಗಳಿಗೆ ಹೋಗಿ ಬನ್ನಿ. ಪತಿಯವರಿಗೆ ಚಾಲನೆಯೇ ಭಾರವಾಗುತ್ತಿರುವುದರಿಂದ, ಸ್ಟಿಯರಿಂಗ್ ಮುಟ್ಟದೆ ನಡೆದೋ ಬಸ್ಸಿನಲ್ಲೋ ಇವನ್ನು ಮಾಡಲು ಸಾಧ್ಯವೇ ಎಂದು ನೋಡುವುದು ಮುಖ್ಯ. ಸುತ್ತಾಟ ಬಿಡುವುದೆಂದರೆ ವಾಹನವನ್ನೇ ಬಿಡುವುದು ಎಂದೂ ಅಲ್ಲ. ಅಮೆರಿಕದ ಟೆಕ್ಸಸ್‌ನ ಲಿವಿಂಗ್‌ಸ್ಟನ್‌ನಲ್ಲಿ, 1978ರಲ್ಲಿ ಆರಂಭವಾದ ಎಸ್ಕೇಪೀಸ್ ಎಂಬ ಪ್ರವಾಸಿಗರ ಸಂಘದ ನೆಲೆಯಲ್ಲಿ, ವಯಸ್ಸು ಅಥವಾ ಕಾಯಿಲೆಯಿಂದ ಪ್ರವಾಸ ನಿಲ್ಲಿಸಿದವರು ತಮ್ಮ ವಾಹನದಲ್ಲಿಯೇ ವಾಸಿಸುತ್ತಾ ಊಟ, ಆರೈಕೆಗಳನ್ನು ಪಡೆಯುವ ಕೇಂದ್ರವಿದೆ. ಇಂಥ ನಡುವಿನ ದಾರಿಯೂ ನಿಮ್ಮ ಲೆಕ್ಕದಲ್ಲಿರಲಿ.

ವಿಮೆಯ ವಿಷಯವನ್ನು ಮಾತ್ರ ಮುಂದೂಡಬೇಡಿ. ವಾಸದ ಮನೆಯಾಗಿರುವ ವಾಹನಕ್ಕೂ ರಜೆಗೆ ಮಾತ್ರ ಬಳಸುವ ವಾಹನಕ್ಕೂ ಅನೇಕ ಕಂಪನಿಗಳ ನಿಯಮಗಳು ಬೇರೆಯಾಗಿರುವುದರಿಂದ, ದೀರ್ಘಕಾಲ ಒಂದೇ ಕಡೆ ನಿಲ್ಲಿಸುವುದನ್ನೂ, ಮುಂದೆ ವಿಳಾಸ ಬದಲಾಗುವುದನ್ನೂ ಬರಹದಲ್ಲಿ ತಿಳಿಸಿ ಉತ್ತರ ಪಡೆದಿಟ್ಟುಕೊಳ್ಳಿ.

ಮುಂದೊಂದು ದಿನ ಮಾರುವ ವಾಹನವನ್ನು ನಿಂತಲ್ಲಿಯೇ ಹಾಳಾಗಲು ಬಿಡಬಾರದು. ಇದರ ದೊಡ್ಡ ಶತ್ರು ಸೋರುವ ನೀರು. ಚಾವಣಿಯ ಸಂದುಗಳಿಗೆ ಹಚ್ಚಿದ ಸೀಲೆಂಟ್ ಬಿರುಕು ಬಿಟ್ಟಿದೆಯೇ ಎಂದು ನೋಡಿಸಿ. ಒಳಗಿನ ತೇವವೂ ಕಡಿಮೆಯದಲ್ಲ: ಇಬ್ಬರ ಉಸಿರು ಮತ್ತು ಅಡುಗೆಯ ಹಬೆ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ವಾರಕ್ಕೊಮ್ಮೆ ಹಾಸಿಗೆ ಎತ್ತಿ ಅಡಿಭಾಗ ನೋಡಿದರೆ ಬೂಷ್ಟು ಹಿಡಿಯುವ ಮೊದಲೇ ತಿಳಿಯುತ್ತದೆ. ಟೈರುಗಳು ಸವೆಯದಿದ್ದರೂ ಮುದಿಯಾಗುತ್ತವೆ. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ. ಅನುಭವಿ ಗಿರಾಕಿ ಅಲ್ಲಿಗೇ ಮೊದಲು ಬಗ್ಗುತ್ತಾನೆ. ಎಂಜಿನನ್ನು ನಿಂತಲ್ಲೇ ಐದು ನಿಮಿಷ ಗುರುಗುಟ್ಟಿಸುವುದರಿಂದ ಪ್ರಯೋಜನವಿಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆ ಓಡಿಸಿದರೆ ಎಣ್ಣೆ ಚೆನ್ನಾಗಿ ಕಾದು ಅದರೊಳಗಿನ ತೇವ ಆರಿಹೋಗುತ್ತದೆ.

ಪ್ರಶ್ನೆ: ನಾವೂ ಒಂದೇ ಕಡೆ ದೀರ್ಘಕಾಲ ತಂಗಿದ್ದೇವೆ. ಚರಂಡಿಯ ಸಂಪರ್ಕ ಇರುವುದರಿಂದ ಶೌಚದ ಟ್ಯಾಂಕಿನ ವಾಲ್ವನ್ನು ಸದಾ ತೆರೆದೇ ಇಟ್ಟಿದ್ದೇವೆ. ಆದರೂ ವಾಸನೆ ಬರುತ್ತಿದೆ. ಟ್ಯಾಂಕು ತುಂಬಿದೆ ಎಂದು ಸೂಚಕ ತೋರಿಸುತ್ತಿದೆ. ಕಾರಣವೇನು?

ಉತ್ತರ: ತೆರೆದ ವಾಲ್ವೇ ಕಾರಣ ಇರಬೇಕು. ವಾಲ್ವ್ ತೆರೆದಿದ್ದರೆ ದ್ರವ ಬಿದ್ದ ಕೂಡಲೇ ಹರಿದುಹೋಗಿ, ಗಟ್ಟಿ ಭಾಗ ಟಾಯ್ಲೆಟ್ಟಿನ ಕೆಳಗೆ ಗುಪ್ಪೆಯಾಗಿ ಒಣಗುತ್ತದೆ. ಈಗ ವಾಲ್ವ್ ಮುಚ್ಚಿ, ಧಾರಾಳವಾಗಿ ನೀರು ಸುರಿದು, ಕೆಲವು ದಿನ ನೆನೆಯಲು ಬಿಟ್ಟು ಖಾಲಿ ಮಾಡಿ. ಒಂದೇ ಸಲಕ್ಕೆ ಕರಗದಿದ್ದರೆ ಮತ್ತೆ ಮಾಡಿ. ಮುಂದೆ ಟ್ಯಾಂಕು ಮೂರನೆಯ ಎರಡು ಭಾಗವಾದರೂ ತುಂಬಿದ ಮೇಲೆಯೇ ವಾಲ್ವ್ ತೆರೆಯಿರಿ, ಖಾಲಿಯಾದ ಕೂಡಲೇ ಮುಚ್ಚಿ ಒಂದೆರಡು ಬಕೆಟ್ ನೀರು ಒಳಗಿರುವಂತೆ ನೋಡಿಕೊಳ್ಳಿ. ಸ್ನಾನ ಮತ್ತು ಪಾತ್ರೆ ತೊಳೆದ ನೀರಿನ ಟ್ಯಾಂಕು ಬೇರೆಯಾಗಿದ್ದರೆ ಅದನ್ನು ಕೊನೆಯಲ್ಲಿ ಬಿಡಿ, ಪೈಪು ತಾನಾಗಿ ತೊಳೆದುಹೋಗುತ್ತದೆ. ಸೂಚಕವನ್ನು ಹೆಚ್ಚು ನಂಬಬೇಡಿ. ಕಾಗದದ ಚೂರು ಅಂಟಿಕೊಂಡರೂ ಅದು ತುಂಬಿದೆ ಎಂದೇ ತೋರಿಸುತ್ತದೆ.