ಗಂಟೆಗಟ್ಟಲೆ ಹಾಕಿಕೊಂಡು ಕೂರಲು ಯಾವ ಓಪನ್-ಬ್ಯಾಕ್ ಹೆಡ್‌ಫೋನ್ ತಗೋಬೇಕು?

ನಿಮ್ಮ ಪ್ರಶ್ನೆಯಲ್ಲಿ ನನಗೆ ಕಂಡದ್ದು ಇಷ್ಟು: ರಾತ್ರಿ ಕೆಲಸ ಮುಗಿದ ಮೇಲೆ ಕುರ್ಚಿಗೆ ಒರಗಿಕೊಂಡು ಎರಡು ಮೂರು ಗಂಟೆ ಹಾಡು ಕೇಳಬೇಕು, ಕನ್ನಡಕ ತೆಗೆಯುವಂತಿಲ್ಲ, ಈಗಿರುವ ಹೆಡ್‌ಫೋನಿನಲ್ಲಿ ಕಿವಿ ಬೆವರುತ್ತದೆ, ಫೋನಿಗೋ ಲ್ಯಾಪ್‌ಟಾಪಿಗೋ ಸಿಕ್ಕಿಸಿ ಕೇಳುವುದು, ಹೆಚ್ಚು ದುಡ್ಡು ಹಾಕುವ ಮನಸ್ಸಿಲ್ಲ. ಇದರ ಜೊತೆಗೆ 32 ಓಮ್, 250 ಓಮ್ (ಹೆಡ್‌ಫೋನಿನ ವಿದ್ಯುತ್ ತಡೆಯ ಅಳತೆ) ಅಂತ ಓದಿ ಗೊಂದಲವಾಗಿದೆ, ಆಂಪ್ (ಹೆಡ್‌ಫೋನಿಗೆ ಹೆಚ್ಚು ಶಕ್ತಿ ಕೊಡುವ ಪೆಟ್ಟಿಗೆ) ಬೇರೆ ತಗೋಬೇಕೇನೋ ಅನ್ನುವ ಅನುಮಾನವೂ ಇದೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಸೆನ್‌ಹೈಸರ್ ಎಚ್‌ಡಿ 599 ಸಾಕು. ಆಂಪ್ ಬೇಡ. ಅದಕ್ಕೂ ಕಡಿಮೆ ಖರ್ಚಿನಲ್ಲಿ ಆಗಬೇಕೆಂದರೆ ಫಿಲಿಪ್ಸ್ ಎಸ್‌ಎಚ್‌ಪಿ 9500, ಇನ್ನೂ ಕಡಿಮೆಗೆ ಕಾಸ್ ಪೋರ್ಟಾ ಪ್ರೊ. ಆದರೆ ಹೆಸರು ಓದಿ ಆರ್ಡರ್ ಮಾಡಿಬಿಡಬೇಡಿ. ನನ್ನ ತಲೆಗೆ ಹಿತವಾಗಿ ಕೂತದ್ದು ನಿಮ್ಮ ತಲೆಗೂ ಹಾಗೇ ಕೂರಬೇಕೆಂದಿಲ್ಲ. ಏನು ನೋಡಿ ಆರಿಸಬೇಕು ಅನ್ನುವುದೇ ಇಲ್ಲಿ ಮುಖ್ಯ, ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು, ಓಪನ್-ಬ್ಯಾಕ್ ನಿಮಗೆ ಸರಿಹೋಗುತ್ತದೆಯೇ? ಹೆಡ್‌ಫೋನಿನ ಡ್ರೈವರ್, ಅಂದರೆ ಒಳಗಿರುವ ಪುಟ್ಟ ಸ್ಪೀಕರ್, ಮುಂದಕ್ಕೆ ಎಷ್ಟು ಶಬ್ದ ಮಾಡುತ್ತದೋ ಹಿಂದಕ್ಕೂ ಅಷ್ಟೇ ಮಾಡುತ್ತದೆ. ಮುಚ್ಚಿದ ಕಪ್ಪಿನಲ್ಲಿ ಆ ಹಿಂದಿನ ಶಬ್ದ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಓಪನ್-ಬ್ಯಾಕ್‌ನಲ್ಲಿ ಜಾಲರಿಯ ಮೂಲಕ ಹೊರಗೆ ಹೋಗಿಬಿಡುತ್ತದೆ. ಹಾಗಾಗಿ ಶಬ್ದ ತಲೆಯೊಳಗೆ ಕಿಕ್ಕಿರಿದಂತೆ ಅನಿಸುವುದಿಲ್ಲ, ಗಾಳಿಯಾಡುವುದರಿಂದ ಬೆವರು ಕಡಿಮೆ, ಯಾರಾದರೂ ಕರೆದರೆ ಕೇಳಿಸುತ್ತದೆ, ನೀವೇ ಮಾತಾಡಿದರೂ ದನಿ ಬಾವಿಯೊಳಗಿಂದ ಬಂದ ಹಾಗಿರುವುದಿಲ್ಲ. 1968ರಲ್ಲಿ ಸೆನ್‌ಹೈಸರ್ ಕಂಪನಿ ಹಳದಿ ಸ್ಪಂಜಿನ ಎಚ್‌ಡಿ 414 ತಂದಾಗ ಈ ಬಗೆಯ ಹೆಡ್‌ಫೋನ್ ಜನರ ಕೈಗೆ ಬಂತು. ಅದು ಹಗುರವಾಗಿಯೂ ಇತ್ತು. ಹಗುರ ಮತ್ತು ತೆರಪು, ಇವೆರಡೇ ಇವತ್ತಿಗೂ ಈ ಜಾತಿಯ ದೊಡ್ಡ ಗುಣ.

ಬೆಲೆಯೂ ತೆರಬೇಕು. ನೀವು ಕೇಳುವುದು ಪಕ್ಕದವರಿಗೂ ಕೇಳುತ್ತದೆ. ಅದೇ ಕೋಣೆಯಲ್ಲಿ ಯಾರಾದರೂ ಮಲಗಿದ್ದರೆ ಓಪನ್-ಬ್ಯಾಕ್ ಯೋಚನೆಯನ್ನೇ ಬಿಟ್ಟುಬಿಡಿ, ಇದಕ್ಕೆ ಮಧ್ಯದ ದಾರಿ ಇಲ್ಲ. ಹೊರಗಿನ ಸದ್ದೂ ಹಾಗೆಯೇ ಒಳಗೆ ಬರುತ್ತದೆ. ಫ್ಯಾನಿನ ಸದ್ದು ಜೋರಾಗಿರುವ ಕೋಣೆಯಲ್ಲಿ ಕೂತರೆ ಗೊತ್ತಿಲ್ಲದೆಯೇ ವಾಲ್ಯೂಮ್ ಏರಿಸುತ್ತಾ ಹೋಗುತ್ತೀರಿ. ವಯಸ್ಕರು ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ಒಳಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 90 ಡೆಸಿಬೆಲ್‌ಗೆ ಹೋದರೆ ಅದೇ ಲೆಕ್ಕ ವಾರಕ್ಕೆ ಬರೀ 4 ಗಂಟೆಗೆ ಇಳಿಯುತ್ತದೆ. ದಿನಾ ಎರಡು ಮೂರು ಗಂಟೆ ಕೇಳುವವರು ಇದನ್ನು ಹಗುರವಾಗಿ ತಗೋಬಾರದು. ವಾಲ್ಯೂಮ್ ಏರಿಸುವ ಬದಲು ಫ್ಯಾನ್ ಇಳಿಸಿ.

ಈಗ ಹಿತದ ವಿಚಾರ. ರಿವ್ಯೂ ಬರೆಯುವವರು ಶಬ್ದದ ಬಗ್ಗೆ ಪುಟಗಟ್ಟಲೆ ಬರೆದು, ಕೊನೆಗೆ ‘ಕಂಫರ್ಟ್ ಚೆನ್ನಾಗಿದೆ’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಿಮ್ಮ ಬಳಕೆಗೆ ಅದು ತಿರುಗುಮುರುಗಾಗಬೇಕು. ಶಬ್ದ ತುಸು ಆಚೀಚೆ ಇದ್ದರೆ ಈಕ್ವಲೈಜರ್‌ನಲ್ಲಿ ಸರಿಮಾಡಬಹುದು, ನೆತ್ತಿ ನೋವಿಗೆ ಅಂಥ ಉಪಾಯ ಇಲ್ಲ.

ಕಪ್ಪಿನ ಒಳಗಿನ ಜಾಗ ಮೊದಲು ನೋಡಿ. ಇಯರ್‌ಪ್ಯಾಡಿನ ನಡುವಿನ ತೂತಿನೊಳಗೆ ನಿಮ್ಮ ಕಿವಿ ಪೂರ್ತಿ ಕೂರಬೇಕು, ಅಂಚಿನ ಮೇಲೆ ಹತ್ತಿಕೊಳ್ಳಬಾರದು. ಉದ್ದ ಅಗಲವನ್ನು ಎಲ್ಲರೂ ನೋಡುತ್ತಾರೆ, ಆಳವನ್ನು ನೋಡುವುದಿಲ್ಲ. ಕಿವಿಯ ಮೇಲ್ಭಾಗದ ಮಡಿಕೆ ಡ್ರೈವರ್ ಮುಂದಿನ ಬಟ್ಟೆಗೆ ತಾಗುತ್ತಿದ್ದರೆ ಮೊದಲ ಹತ್ತು ನಿಮಿಷ ಏನೂ ಅನಿಸುವುದಿಲ್ಲ. ಅರ್ಧ ಗಂಟೆಗೆ ಅಲ್ಲಿ ಬಿಸಿಯೇರಿದಂತಾಗುತ್ತದೆ, ಒಂದು ಗಂಟೆಗೆ ತೆಗೆದುಹಾಕಬೇಕು ಅನಿಸುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಹಾಕಿ ನೋಡಿದರೆ ಇದು ಸಿಕ್ಕಿಬೀಳುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಬಾಯಿ ಅಗಲಿಸಿ ಮುಚ್ಚಿ, ತಲೆಯನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲ್ಲಾಡಿಸಿ. ಒಳಗೆ ಏನೋ ಉಜ್ಜಿದಂತಾದರೆ ಆಳ ಸಾಲದು ಅಂತ ಅರ್ಥ. ಆಗಲೇ ಕೊಂಡಾಗಿದ್ದರೆ, ಕಳಚಲು ಬರುವ ಪ್ಯಾಡ್ ಆದರೆ ಅದರ ಅಡಿಯ ಅಂಚಿನ ಸುತ್ತ ತೆಳುವಾದ ಸ್ಪಂಜಿನ ಬಳೆ ಇಟ್ಟು ಎತ್ತರಿಸಬಹುದು. ಶಬ್ದ ಕೊಂಚ ಬದಲಾಗುತ್ತದೆ, ಕಿವಿ ಮಾತ್ರ ಉಳಿಯುತ್ತದೆ.

ಕನ್ನಡಕ ಹಾಕುವವರಿಗೆ ಪ್ಯಾಡಿನ ಬಟ್ಟೆ ಮುಖ್ಯ. ಕೃತಕ ಚರ್ಮದ ಪ್ಯಾಡ್ ಕನ್ನಡಕದ ಕಡ್ಡಿಯನ್ನು ತಲೆಬುರುಡೆಗೆ ಒತ್ತುತ್ತದೆ, ಬೆವರಿಗೆ ಅಂಟುತ್ತದೆ, ಕೆಲವು ವರ್ಷಕ್ಕೆ ಸಿಪ್ಪೆ ಬಿಡುತ್ತದೆ. ಮಖಮಲ್ಲಿನ ಮೆತ್ತನೆಯ ಪ್ಯಾಡ್ ಕಡ್ಡಿಯ ಸುತ್ತ ತಾನೇ ತಗ್ಗಿ ಜಾಗ ಬಿಡುತ್ತದೆ. ಎಚ್‌ಡಿ 599 ಅನ್ನು ನಿಮಗೆ ಹೇಳಿದ್ದಕ್ಕೆ ಇದು ಮೊದಲ ಕಾರಣ.

ಮುಂದೆ ತೂಕ ಮತ್ತು ಹಿಡಿತ. ಎಚ್‌ಡಿ 599 ಸುಮಾರು 250 ಗ್ರಾಂ. ಹೈಫೈಮನ್ ಎಚ್‌ಇ 400ಎಸ್‌ಇ 390 ಗ್ರಾಂ. ಆಯಸ್ಕಾಂತದ ಸಾಲುಗಳ ನಡುವೆ ತೆಳುವಾದ ಹಾಳೆ ಕುಣಿಸುವ ಪ್ಲೇನಾರ್ ಹೆಡ್‌ಫೋನ್ ಅದು, ಶಬ್ದ ಬಹಳ ಸ್ಪಷ್ಟ, ನೆಟ್ಟಗೆ ಕೂತು ಒಂದು ಆಲ್ಬಂ ಕೇಳುವವರಿಗೆ ಧಾರಾಳವಾಗಿ ಹೇಳುತ್ತೇನೆ. ಮೂರು ಗಂಟೆ ಒರಗಿ ಕೂರುವವರಿಗೆ ಹೇಳಲಾರೆ. ತೂಕವೆಲ್ಲ ನೆತ್ತಿಯ ಒಂದೇ ಗೆರೆಯ ಮೇಲೆ ಬಿದ್ದರೆ 250 ಗ್ರಾಂ ಕೂಡ ನೋಯಿಸುತ್ತದೆ, ಅಗಲವಾದ ಪಟ್ಟಿಯ ಮೇಲೆ ಹಂಚಿಹೋದರೆ ಅದಕ್ಕಿಂತ ಭಾರದ್ದೂ ತಡೆದೀತು. ಹಿಡಿತ ಸಡಿಲವಾದಷ್ಟೂ ಹಿತ ಅಂತಲೂ ಅಲ್ಲ. ಎಸ್‌ಎಚ್‌ಪಿ 9500 ಹಿಡಿತ ತುಂಬಾ ಮೃದು, ನೆಟ್ಟಗೆ ಕೂತಾಗ ಸ್ವರ್ಗ. ತಲೆ ಹಿಂದಕ್ಕೆ ಒರಗಿಸಿದರೆ ಸಣ್ಣ ತಲೆಯವರಿಗೆ ಜಾರುತ್ತದೆ. ಸೆನ್‌ಹೈಸರ್ ಎಚ್‌ಡಿ 560ಎಸ್ ಹೊಸದರಲ್ಲಿ ಸ್ವಲ್ಪ ಬಿಗಿ. ನಿಮ್ಮ ತಲೆಗಿಂತ ಒಂಚೂರು ಅಗಲವಾಗುವಷ್ಟು ಪುಸ್ತಕ ಜೋಡಿಸಿ ರಾತ್ರಿಯಿಡೀ ಅದಕ್ಕೆ ಹಾಕಿಟ್ಟರೆ ಸಡಿಲವಾಗುತ್ತದೆ. ಬಲವಂತವಾಗಿ ಎಳೆದು ಅಗಲಿಸಬೇಡಿ.

ಒರಗುವ ಪ್ರಶ್ನೆಗೆ ಇನ್ನೊಂದು ಮುಖವಿದೆ. ಓಪನ್-ಬ್ಯಾಕ್ ಹಾಕಿಕೊಂಡು ಹಾಡು ಬರುತ್ತಿರುವಾಗ ಎರಡೂ ಕೈಯನ್ನು ಜಾಲರಿಯ ಮೇಲೆ ಮುಚ್ಚಿ ನೋಡಿ. ಶಬ್ದ ತಕ್ಷಣ ಬೇರೆಯಾಗುತ್ತದೆ, ಡಬ್ಬದೊಳಗೆ ಹೊಕ್ಕಂತೆ. ದಿಂಬಿಗೆ ಕಿವಿ ಆನಿಸಿ ಮಲಗಿದರೂ ಇದೇ ಕಥೆ. ಆದ್ದರಿಂದ ನೀವು ‘ಒರಗಿಕೊಂಡು’ ಅಂದದ್ದು ಕುರ್ಚಿಯ ಬೆನ್ನಿಗೋ ಅಥವಾ ಹಾಸಿಗೆಯಲ್ಲಿ ಮಗ್ಗುಲಾಗಿಯೋ ಅನ್ನುವುದು ಮುಖ್ಯವಾಗುತ್ತದೆ. ಮಗ್ಗುಲಾಗಿ ಮಲಗುವುದಾದರೆ ದೊಡ್ಡ ಕಪ್ಪಿನ ಯಾವ ಹೆಡ್‌ಫೋನೂ ಬೇಡ.

ಕೇಬಲ್ ಬಗ್ಗೆ ಚುಟುಕಾಗಿ: ಕಳಚಲು ಬರಬೇಕು, ಸುರುಳಿ ಇರಬಾರದು. ಸುರುಳಿ ಕೇಬಲ್ ಒಂದು ಬದಿಗೆ ಜಗ್ಗುತ್ತಲೇ ಇರುತ್ತದೆ. ಎಚ್‌ಡಿ 599 ಜೊತೆ ಮನೆಯ ಉಪಕರಣಕ್ಕೆ 3 ಮೀಟರಿನದು, ಫೋನಿಗೆ 1.2 ಮೀಟರಿನದು, ಹೀಗೆ ಎರಡು ಬರುತ್ತವೆ.

ಶಬ್ದಕ್ಕೆ ಬರೋಣ. ನೀವು ಕೇಳುತ್ತಿರುವುದು ದಣಿವಾರಿಸಿಕೊಳ್ಳಲು, ರೆಕಾರ್ಡಿಂಗಿನ ತಪ್ಪು ಹುಡುಕಲು ಅಲ್ಲ. ಕಿವಿ ದಣಿಯುವುದು ಬಹುಪಾಲು ಟ್ರೆಬಲ್‌ನಿಂದ, ಅಂದರೆ ತೀಕ್ಷ್ಣವಾದ ಮೇಲಿನ ಸ್ವರಗಳಿಂದ, ಅದರಲ್ಲೂ 5ರಿಂದ 9 ಕಿಲೋಹರ್ಟ್ಜ್ ನಡುವೆ ಉಬ್ಬಿದ್ದರೆ. ಹಾಡುವವರ ‘ಸ’, ‘ಶ’ ಅಕ್ಷರಗಳು ಚುಚ್ಚಿದಂತೆ ಬರುತ್ತವೆ, ತಾಳದ ಸದ್ದು ಕಿವಿ ಕೊರೆಯುತ್ತದೆ. ಮೊದಲು ಕೇಳಿದಾಗ ‘ಅಬ್ಬಾ, ಎಷ್ಟು ಸ್ಪಷ್ಟ!’ ಅನಿಸುವ ಹೆಡ್‌ಫೋನೇ ಒಂದು ಗಂಟೆ ಕಳೆದ ಮೇಲೆ ಸಾಕಪ್ಪಾ ಅನಿಸುವುದು ಈ ಕಾರಣಕ್ಕೆ. ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ ಬಗ್ಗೆ ನೀವೂ ಓದಿರುತ್ತೀರಿ. ಪ್ಯಾಡ್ ಅಷ್ಟು ಹಿತವಾದದ್ದು ಈ ಬೆಲೆಯ ಗುಂಪಿನಲ್ಲಿ ಬೇರೆ ಇಲ್ಲವೇನೋ. ಆದರೂ ಟ್ರೆಬಲ್ ಚೂಪು, ಜೊತೆಗೆ ಕಳಚಲಾಗದ ಸುರುಳಿ ಕೇಬಲ್. ಈಕ್ವಲೈಜರ್ ಬಳಸುವುದಿಲ್ಲ ಅನ್ನುವವರಿಗೆ ನಾನು ಅದನ್ನು ಹೇಳುವುದಿಲ್ಲ. ಎಚ್‌ಡಿ 560ಎಸ್ ಹೆಚ್ಚು ಪ್ರಾಮಾಣಿಕ, ಟ್ರೆಬಲ್ ತುಸು ಎದ್ದು ಕೇಳುತ್ತದೆ. ಎಚ್‌ಡಿ 599 ಬೆಚ್ಚಗಿದೆ: ಗಾಯಕರ ದನಿ ಮುಂದೆ ನಿಲ್ಲುತ್ತದೆ, ಟ್ರೆಬಲ್ ಮೈಮೇಲೆ ಬರುವುದಿಲ್ಲ. ಕೊಳಲು, ಪಿಟೀಲು, ಗಿಟಾರು, ಹಳೆಯ ರೆಕಾರ್ಡಿಂಗು ಇವೆಲ್ಲ ಅದರಲ್ಲಿ ಸೊಗಸು.

ಎದೆ ನಡುಗಿಸುವ ಬೇಸ್ ಬೇಕೆಂದರೆ ಓಪನ್-ಬ್ಯಾಕ್ ಹತ್ತಿರ ಅದು ಸಿಗದು. ಡೈನಾಮಿಕ್ ಡ್ರೈವರಿನ (ಪ್ಲೇನಾರ್ ಅಲ್ಲದ ಸಾಮಾನ್ಯ ಬಗೆಯ) ಹೆಚ್ಚಿನ ಓಪನ್-ಬ್ಯಾಕ್‌ಗಳಲ್ಲಿ ತೀರಾ ಕೆಳಗಿನ ಬೇಸ್ ಇಳಿಮುಖ. ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿಹಿಡಿದರೆ ಇನ್ನೂ ಸ್ವಲ್ಪ ಸೋರಿಹೋಗುತ್ತದೆ. ತಬಲದ ಎಡಗೈ ಗುಂಯ್ ಅನ್ನುವುದು ಕೇಳುತ್ತದೆ, ಮೈಗೆ ತಾಗುವುದಿಲ್ಲ. ಇದನ್ನು ತಿಳಿದೇ ಕೊಳ್ಳಿ.

ಇನ್ನು ನಿಮ್ಮನ್ನು ಕಾಡಿದ ಓಮ್. ಬರೀ ಓಮ್ ನೋಡಿ ಏನೂ ನಿರ್ಧರಿಸಲಾಗದು, ಸೆನ್ಸಿಟಿವಿಟಿಯನ್ನೂ, ಅಂದರೆ ಇಷ್ಟು ಶಕ್ತಿಗೆ ಎಷ್ಟು ಜೋರು ಶಬ್ದ ಬರುತ್ತದೆ ಅನ್ನುವುದನ್ನೂ, ನೋಡಬೇಕು. ಫೋನಿಗೆ ಹಾಕುವ ಸಾಧಾರಣ ಡಾಂಗಲ್ (ಹೆಡ್‌ಫೋನ್ ಸಿಕ್ಕಿಸುವ ಪುಟ್ಟ ಅಡಾಪ್ಟರ್) ಪೂರ್ತಿ ಏರಿಸಿದಾಗ 1 ವೋಲ್ಟ್ ಆಸುಪಾಸು ಕೊಡುತ್ತದೆ ಅಂತಿಟ್ಟುಕೊಳ್ಳಿ. ವೋಲ್ಟಿನ ವರ್ಗವನ್ನು ಓಮ್‌ನಿಂದ ಭಾಗಿಸಿದರೆ ಶಕ್ತಿ ಸಿಗುತ್ತದೆ: 32 ಓಮ್‌ಗೆ 31 ಮಿಲಿವ್ಯಾಟ್, 250 ಓಮ್‌ಗೆ 4 ಮಿಲಿವ್ಯಾಟ್. ಎಚ್‌ಇ 400ಎಸ್‌ಇ 32 ಓಮಿನದು, 1 ಮಿಲಿವ್ಯಾಟಿಗೆ 91 ಡೆಸಿಬೆಲ್. 31 ಮಿಲಿವ್ಯಾಟ್ ಕೊಟ್ಟರೆ 15 ಸೇರಿ 106 ಆಗುತ್ತದೆ. ಡಿಟಿ 990 ಪ್ರೊ 250 ಓಮಿನದು, 1 ಮಿಲಿವ್ಯಾಟಿಗೆ 96 ಡೆಸಿಬೆಲ್. 4 ಮಿಲಿವ್ಯಾಟಿಗೆ 6 ಸೇರಿ 102. ಓಮ್ ಹೆಚ್ಚುಕಡಿಮೆ ಎಂಟು ಪಟ್ಟು ಬೇರೆ, ಕೊನೆಗೆ ಉಳಿದ ವ್ಯತ್ಯಾಸ 4 ಡೆಸಿಬೆಲ್! ಎಚ್‌ಡಿ 599 50 ಓಮಿನದು, ಅದೂ 1 ವೋಲ್ಟಿಗೆ 106 ಡೆಸಿಬೆಲ್ ಕೊಡುತ್ತದೆ. ಮೆಲ್ಲಗೆ ಕೇಳುವಾಗ ಸರಾಸರಿ 70 ಡೆಸಿಬೆಲ್ ಇರಲಿ, ಮಧ್ಯೆ ಬರುವ ಏರು ದನಿಗೆ ಇನ್ನೊಂದು 20 ಸೇರಿಸಿ, ಆಗಲೂ ಬೇಕಾದಷ್ಟು ಮಿಗುತ್ತದೆ. ಲ್ಯಾಪ್‌ಟಾಪಿನ ಜಾಕ್‌ನಲ್ಲಿ ಸಣ್ಣಗೆ ‘ಸೊಯ್’ ಅನ್ನುವ ಸದ್ದಿದ್ದರೆ ಅದೇ ಡಾಂಗಲನ್ನು ಅಲ್ಲಿಗೂ ಬಳಸಿ. ಆಂಪಿಗೆ ಹಾಕಬೇಕೆಂದಿದ್ದ ದುಡ್ಡು ಒಳ್ಳೆಯ ಪ್ಯಾಡಿಗೆ ಹೋಗಲಿ.

ಪೋರ್ಟಾ ಪ್ರೊ ಬಗ್ಗೆ ಎರಡು ಮಾತು ಹೇಳದೆ ಇರಲಾರೆ, ನನಗೆ ಅದರ ಮೇಲೆ ನಿಜವಾಗಿಯೂ ಪ್ರೀತಿ. 1984ರಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿ ಬರುತ್ತಿದೆ. ಕಿವಿಯ ಮೇಲೆಯೇ ಕೂರುವ ಪುಟ್ಟ ಸ್ಪಂಜು, ತೆಳುವಾದ ಲೋಹದ ಪಟ್ಟಿ. ಕಿವಿಯ ಮೇಲುಗಡೆ, ತಲೆಯ ಬದಿಗೆ ಒರಗುವ ಎರಡು ಮೆತ್ತೆಗಳಿವೆ. ಅಲ್ಲಿರುವ ಗುಂಡಿಯನ್ನು ಸರಿಸಿದರೆ ಒತ್ತಡ ಕಿವಿಯಿಂದ ತಲೆಯ ಬದಿಗೆ ಹೋಗುತ್ತದೆ. ದನಿ ಬೆಚ್ಚಗಿದೆ, ತೂಕ ಇದೆ ಅಂತಲೇ ಗೊತ್ತಾಗುವುದಿಲ್ಲ. ಪಟ್ಟಿಯ ಸಂದಿಗೆ ಕೂದಲು ಸಿಕ್ಕಿಕೊಳ್ಳುತ್ತದೆ, ಉದ್ದ ಕೂದಲಿದ್ದವರಿಗೆ ಇದು ದಿನನಿತ್ಯದ ಕಾಟ. ಓಪನ್-ಬ್ಯಾಕ್ ಅಂದರೆ ಏನು, ನನಗೆ ಹಿಡಿಸುತ್ತದೆಯೇ ಅಂತ ಪರೀಕ್ಷಿಸಲು ಇದಕ್ಕಿಂತ ಅಗ್ಗದ ದಾರಿ ನನಗೆ ಕಂಡಿಲ್ಲ.

ಕೊಳ್ಳುವಾಗ ವಾಪಸ್ ಕೊಡಲು ಅವಕಾಶ ಇರುವ ಕಡೆಯೇ ಕೊಳ್ಳಿ. ಬಂದ ದಿನವೇ ನಿಮ್ಮ ಕನ್ನಡಕ ಹಾಕಿಕೊಂಡು, ನಿಮ್ಮದೇ ಕುರ್ಚಿಯಲ್ಲಿ, ಮಧ್ಯೆ ತೆಗೆಯದೆ ಒಂದೂವರೆ ಗಂಟೆ ಕೂತು ನೋಡಿ. ಶಬ್ದಕ್ಕೆ ಕಿವಿ ಒಗ್ಗಲು ಕೆಲವು ದಿನ ಕೊಡಬಹುದು, ನೋವಿಗೆ ಕೊಡಬೇಡಿ: ಹಿಡಿತದ ಬಿಗಿ ಸಡಿಲಾಗುತ್ತದೆ, ಕಿವಿ ಬಟ್ಟೆಗೆ ತಾಗುವುದು ತಾನಾಗಿ ಸರಿಹೋಗುವುದಿಲ್ಲ. ಹಾಗೆಯೇ ಆ ಮಾದರಿಗೆ ಬದಲಿ ಪ್ಯಾಡ್ ಸಿಗುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ. ದಿನಾ ಬಳಸಿದರೆ ಪ್ಯಾಡ್ ಚಪ್ಪಟೆಯಾಗುತ್ತದೆ, ಕಿವಿ ಡ್ರೈವರಿಗೆ ಹತ್ತಿರವಾಗಿ ಶಬ್ದವೂ ಬದಲಾಗುತ್ತದೆ. ಎಸ್‌ಎಚ್‌ಪಿ 9500 ಪ್ಯಾಡ್ ಸುಲಭವಾಗಿ ಕಳಚಿ ಹಾಕುವಂಥದ್ದಲ್ಲ, ಎಚ್‌ಡಿ 599 ಪ್ಯಾಡನ್ನು ಮನೆಯಲ್ಲೇ ಬದಲಿಸಬಹುದು. ಇವೆರಡರ ನಡುವೆ ತೂಗಾಡುತ್ತಿದ್ದರೆ ಎಚ್‌ಡಿ 599 ಕಡೆಗೇ ಹೋಗಿ.